ಮೇಳಕ್ಕೆ ಹೋದರೆ ಕುರ್ಚಿಯನ್ನು ಮಗುಚಿ ನೋಡಿ

ನೀವು ಕೇಳಿದ್ದು ಇಷ್ಟು: ಮೂವರು ಬಡಗಿಗಳ ಪುಟ್ಟ ಕಾರ್ಯಾಗಾರವಿದೆ, ಕೈಯಿಂದ ಮಾಡಿದ ಪೀಠೋಪಕರಣಗಳ ಒಂದು ಶ್ರೇಣಿ ಹೊರತರಬೇಕೆಂದಿದ್ದೀರಿ, ಅದಕ್ಕೆ ಮುಂಚೆ ದೊಡ್ಡ ವ್ಯಾಪಾರ ಮೇಳಗಳನ್ನು ಸುತ್ತಿ ಬರಬೇಕೇ, ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಅಷ್ಟು ದೂರ ಹೋಗುವುದೇಕೆ? ಹಲವು ವರ್ಷಗಳಿಂದ ಕುರ್ಚಿ, ಮೇಜು, ಬೆಂಚುಗಳನ್ನು ವಿನ್ಯಾಸ ಮಾಡುತ್ತ ಬಂದಿದ್ದೇನೆ, ಮೇಳಗಳನ್ನೂ ಸುತ್ತಿದ್ದೇನೆ. ಹೋಗಿ ಬನ್ನಿ ಎಂದೇ ಹೇಳುತ್ತೇನೆ. ಆದರೆ ಮೊಬೈಲಿನಲ್ಲಿ ಕಾಣುವುದನ್ನೇ ನೋಡಲು ಹೋಗುವುದಾದರೆ ಬೇಡ.

ನನ್ನ ಮೊದಲ ಮಿಲಾನ್ ಪ್ರವಾಸ ಹಾಗೆಯೇ ಆಯಿತು. ಅಲ್ಲಿನ ಸಲೋನೆ ದೆಲ್ ಮೊಬಿಲೆ 1961ರಲ್ಲಿ ಶುರುವಾದ ಪೀಠೋಪಕರಣ ಮೇಳ. ಈಗ ಏಪ್ರಿಲ್‌ನಲ್ಲಿ, ನಗರದ ಹೊರವಲಯದ ರೋ ಎಂಬಲ್ಲಿ ನಡೆಯುತ್ತದೆ. ಒಂದು ಸಭಾಂಗಣ ಮುಗಿಯಿತೆಂದರೆ ಇನ್ನೊಂದು ಬಾಯಿ ತೆರೆದು ನಿಂತಿರುತ್ತದೆ. ಮೂರು ದಿನಗಳಲ್ಲಿ ಸಾವಿರ ಚಿತ್ರ ತೆಗೆದೆ. ಹಿಂದಿರುಗಿ ಅವನ್ನೆಲ್ಲ ಹರಡಿಕೊಂಡು ಒಂದು ಬೆಂಚನ್ನು ಬಿಡಿಸಿದೆ. ಕಾಲು ಒಬ್ಬರದು, ಬೆನ್ನು ಇನ್ನೊಬ್ಬರದು, ಬಣ್ಣ ಮತ್ತೊಬ್ಬರದು. ನಮ್ಮ ಹಿರಿಯ ಬಡಗಿ ನಕ್ಷೆಯನ್ನು ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಸರ್. ಈ ಕಾಲು ಹಲಗೆಗೆ ಎಲ್ಲಿ ಸೇರುತ್ತದೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಸಾವಿರ ಚಿತ್ರಗಳಲ್ಲಿ ಒಂದರಲ್ಲೂ ಅದು ಕಾಣುತ್ತಿರಲಿಲ್ಲ.

ಮರುಪ್ರವಾಸದಲ್ಲಿ ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟೆ. ಅದೇ ಮೇಳದಲ್ಲಿ 35 ವರ್ಷದೊಳಗಿನ ವಿನ್ಯಾಸಕರಿಗೆಂದೇ 1998ರಿಂದ ಸಲೋನೆ ಸತೆಲ್ಲಿತೆ ಎಂಬ ವಿಭಾಗವಿದೆ. ದೊಡ್ಡ ಕಂಪನಿಗಳ ಮಳಿಗೆಗಳಲ್ಲಿ ನಿಮ್ಮೊಂದಿಗೆ ಮಾತಾಡುವವರು ಮಾರಾಟದವರು. ಇಲ್ಲಿ ಮಾಡಿದವರೇ ಪಕ್ಕದಲ್ಲಿ ನಿಂತಿರುತ್ತಾರೆ. ಅಲ್ಲೊಬ್ಬ ಹುಡುಗಿ ತನ್ನ ಸ್ಟೂಲನ್ನು ತಾನೇ ಮಗುಚಿ ತೋರಿಸಿದಳು. ಕಾಲಿನ ತುದಿ ಕೂರುವ ಹಲಗೆಯ ಆಚೆ ಬದಿಗೆ ತೂರಿ ಬಂದಿತ್ತು, ಅದರ ನಡುವಿನ ಸೀಳಿಗೆ ಒಂದು ಬೆಣೆ ಬಡಿದಿತ್ತು. ಬೆಣೆ ಹಲಗೆಯ ಎಳೆಗೆ ಅಡ್ಡಲಾಗಿ ನಿಂತಿತ್ತು, ಎಳೆಯ ಉದ್ದಕ್ಕಲ್ಲ. ಎಳೆಯ ಜೊತೆಗೆ ಬಡಿದಿದ್ದರೆ ಬೆಣೆ ಹಿಗ್ಗಿ ಹಲಗೆಯನ್ನೇ ಸೀಳುತ್ತಿತ್ತು. ತಳದಲ್ಲಿ ಅವಳ ಪೆನ್ಸಿಲ್ ಗುರುತುಗಳು ಹಾಗೆಯೇ ಇದ್ದವು, ಉಪ್ಪುಕಾಗದ ಮುಟ್ಟಿರಲಿಲ್ಲ. ಹತ್ತು ನಿಮಿಷದಲ್ಲಿ ನಾನು ಅಲ್ಲಿ ಕಲಿತದ್ದು ಹಿಂದಿನ ಮೂರು ದಿನಗಳ ನಡಿಗೆಗಿಂತ ಹೆಚ್ಚು.

ಮೇಳವೆಂದರೆ ಮಿಲಾನ್ ಒಂದೇ ಅಲ್ಲ. ಪ್ಯಾರಿಸ್‌ನ ಮೇಜೋ ಎ ಒಬ್ಜೆ ಜನವರಿ ಮತ್ತು ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ, ಅಲ್ಲಿಗೆ ಅಂಗಡಿಗಳಿಗೆ ಸರಕು ಆರಿಸುವವರು ಬರುತ್ತಾರೆ. ಅಮೆರಿಕದ ಹೈ ಪಾಯಿಂಟ್ ಮೇಳ 1909ರಷ್ಟು ಹಳೆಯದು, ಅದು ಪೂರ್ತಿ ಸಗಟು ಲೋಕ. ಸಣ್ಣ ಕಾರ್ಯಾಗಾರದವರು ಒಂದೇ ಕಡೆ ಹೋಗಬಹುದಾದರೆ ಬೆಸ ವರ್ಷಗಳಲ್ಲಿ ಕಲೋನ್‌ನಲ್ಲಿ ನಡೆಯುವ ಇಂಟರ್‌ಜುಮ್‌ಗೆ ಹೋಗಲಿ ಎನ್ನುತ್ತೇನೆ. ಅಲ್ಲಿ ಸಿದ್ಧ ಕುರ್ಚಿ ಮೇಜುಗಳು ಮುಖ್ಯವಲ್ಲ. ಕೀಲು, ತಿರುಪು, ಹಲಗೆ, ಫೋಮ್, ಬಟ್ಟೆ, ಕಾಲಿನಡಿಯ ಬಿಲ್ಲೆ, ಅಂದರೆ ಕುರ್ಚಿಯೊಳಗೆ ಅಡಗುವುದೆಲ್ಲ ಅಲ್ಲಿರುತ್ತದೆ. ನೋಡಲು ಸೊಗಸಿಲ್ಲ, ಕೈಗೆ ಬರುವುದು ಬಹಳ.

ಮೇಳ ಮುಗಿದ ಮೇಲೆ ಒಂದೆರಡು ದಿನ ಉಳಿಸಿಕೊಳ್ಳಿ. ಮಿಲಾನ್‌ನಿಂದ ರೈಲು ಹಿಡಿದು ಕಡಲ ದಂಡೆಯ ಕಿಯಾವರಿ ಪಟ್ಟಣಕ್ಕೆ ಹೋಗಿದ್ದೆ. 1807ರಲ್ಲಿ ಜುಸೆಪ್ಪೆ ಗೇಟಾನೊ ದೆಸ್ಕಾಲ್ಜಿ ಎಂಬ ಬಡಗಿ ಅಲ್ಲಿ ಹೆಣೆದ ಆಸನದ ಒಂದು ಹಗುರ ಕುರ್ಚಿ ಮಾಡಿದ. ಆ ಕುರ್ಚಿಯನ್ನೇ ಮುಂದಿಟ್ಟುಕೊಂಡು ಇಟಲಿಯ ವಾಸ್ತುಶಿಲ್ಪಿ ಜಿಯೊ ಪಾಂಟಿ ತಿದ್ದುತ್ತ ಹೋಗಿ, 1957ರಲ್ಲಿ ಸೂಪರ್‌ಲೆಜ್ಜೆರಾ ಎಂಬ ಕುರ್ಚಿ ಹೊರಬಂತು. ತೂಕ ಕೇವಲ 1.7 ಕಿಲೊ, ಒಂದೇ ಬೆರಳಿನಿಂದ ಎತ್ತಬಹುದು. ಕಾಲು ದುಂಡಗಿಲ್ಲ, ತ್ರಿಕೋನವಾಗಿದೆ. ಕಣ್ಣಿಗೆ ಅಂಚು ಮಾತ್ರ ಕಾಣುವುದರಿಂದ ಇನ್ನೂ ತೆಳ್ಳಗಿದ್ದಂತೆ ತೋರುತ್ತದೆ. ನೂರೈವತ್ತು ವರ್ಷದ ಕುರ್ಚಿಯನ್ನು ಹೀಗೆ ಮುಂದುವರಿಸಬಹುದೆಂದು ಆ ಊರಿನ ಬೀದಿಯಲ್ಲಿ ನಿಂತಾಗಲೇ ನನಗೆ ಮನದಟ್ಟಾದದ್ದು.

ಇನ್ನು ನಿಮ್ಮ ಸಾಮಾನನ್ನೇ ಮೇಳಕ್ಕೆ ಒಯ್ಯುವ ವಿಚಾರ. ಇಲ್ಲಿ ನಾನು ಸರಿಯಾಗಿ ಪೆಟ್ಟು ತಿಂದಿದ್ದೇನೆ. ತೇವದ ಹವೆಯಲ್ಲಿ ಮಾಡಿದ ಒಂದು ಮೇಜನ್ನು ಚಳಿಗಾಲದ ಮೇಳಕ್ಕೆ ಕಳಿಸಿದೆ. ಸಭಾಂಗಣದಲ್ಲಿ ಹಗಲಿಡೀ ಬಿಸಿಗಾಳಿ. ಮೂರನೆಯ ದಿನ ಮಧ್ಯಾಹ್ನ ಕೊಂಬೆ ಮುರಿದಂಥ ಸದ್ದು ಬಂತು, ಮೇಲುಹಲಗೆಯ ನಡುವೆ ಒಂದು ಗೆರೆ ಬಿಟ್ಟಿತ್ತು. ಮರದ್ದು ತಪ್ಪಲ್ಲ, ನನ್ನದು. ಒಣಗುವಾಗ ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಗಲಕ್ಕೆ ಕುಗ್ಗುತ್ತದೆ. ಅದರಲ್ಲೂ ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು ಉಂಗುರಗಳಿಗೆ ಅಡ್ಡವಾಗಿ ಕುಗ್ಗುವುದರ ಸುಮಾರು ಎರಡು ಪಟ್ಟು. ನಾನು ಹಲಗೆಯನ್ನು ಕೆಳಗಿನ ಅಡ್ಡಪಟ್ಟಿಗಳಿಗೆ ದುಂಡು ತೂತಿನಲ್ಲಿ ತಿರುಪು ಬಿಗಿದು ಕೂರಿಸಿದ್ದೆ. ಅದಕ್ಕೆ ಅಲುಗಾಡಲು ಜಾಗವೇ ಇರಲಿಲ್ಲ. ಈಗ ಆ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಸೀಳಿ, ತಿರುಪು ಸರಿಯುವಂತೆ ಮಾಡುತ್ತೇವೆ. ಮರವನ್ನೂ ನೂರಕ್ಕೆ ಎಂಟು ಹತ್ತರಷ್ಟು ತೇವಾಂಶಕ್ಕೆ ಇಳಿಸಿದ ಮೇಲೆಯೇ ಮುಟ್ಟುತ್ತೇವೆ.

ಕಾಗದಪತ್ರಗಳನ್ನೂ ಕೊನೆಯ ವಾರಕ್ಕೆ ಬಿಡಬೇಡಿ. ಮೇಳದಲ್ಲಿ ತೋರಿಸಿ ವಾಪಸು ತರುವ ಮಾದರಿಗಳಿಗೆ ಎಟಿಎ ಕಾರ್ನೆ ಎಂಬ ದಾಖಲೆಯಿದೆ, ಅದಿದ್ದರೆ ಆ ವ್ಯವಸ್ಥೆಗೆ ಸೇರಿದ ದೇಶಗಳಲ್ಲಿ ಸುಂಕ ಕಟ್ಟದೆ ತಾತ್ಕಾಲಿಕವಾಗಿ ಒಳಗೆ ಒಯ್ಯಬಹುದು. ಕಚ್ಚಾ ಮರದ ಪೆಟ್ಟಿಗೆಯಲ್ಲಿ ಕಳಿಸುವುದಾದರೆ, ಆ ಮರದ ಒಡಲು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿದೆ ಎಂದು ಹೇಳುವ ಐಎಸ್‌ಪಿಎಂ 15 ಮುದ್ರೆ ಪೆಟ್ಟಿಗೆಯ ಮೇಲಿರಬೇಕು. ಬೀಟೆ ಮರ ಬಳಸುತ್ತಿದ್ದರೆ ಇನ್ನೂ ಎಚ್ಚರ: ಆ ಕುಲದ ಮರಗಳೆಲ್ಲ 2017ರಿಂದ, ಅಪಾಯದಲ್ಲಿರುವ ಪ್ರಾಣಿ ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಹತೋಟಿಯಲ್ಲಿವೆ.

ಶ್ರೇಣಿಯ ಮಾತಿಗೆ ಬರುತ್ತೇನೆ, ನೀವು ನಿಜವಾಗಿ ಕೇಳಿದ್ದು ಅದನ್ನೇ ಎಂದುಕೊಂಡಿದ್ದೇನೆ. ಹೊಸಬರು ಹನ್ನೆರಡು ವಸ್ತುಗಳಿಂದ ಶುರು ಮಾಡುತ್ತಾರೆ, ಹನ್ನೆರಡಕ್ಕೂ ಬೇರೆ ಬೇರೆ ಜೋಡಣೆ. ನಾನೂ ಹಾಗೇ ಮಾಡಿದ್ದೆ. ನಮ್ಮಲ್ಲಿ ನಿಂತ ಶ್ರೇಣಿ ಒಂದೇ ಕಾಲಿನಿಂದ ಹುಟ್ಟಿದ್ದು. ಆ ಕಾಲು ಗಿಡ್ಡವಾದರೆ ಸ್ಟೂಲು, ನಾಲ್ಕರ ನಡುವೆ ಅಂತರ ಹೆಚ್ಚಿದರೆ ಬೆಂಚು, ಹಲಗೆ ಅಗಲವಾದರೆ ತಗ್ಗು ಮೇಜು. ಕಾಲು ಕೂರುವ ತೂತನ್ನು ಅದೇ ಓರೆಯಲ್ಲಿ ಕೊರೆಯಲು ಡ್ರಿಲ್ಲಿಗೆ ದಾರಿ ತೋರಿಸುವ ಮರದ ತುಂಡೊಂದನ್ನು ಮಾಡಿಟ್ಟುಕೊಂಡೆವು, ಜಿಗ್ ಎನ್ನುತ್ತೇವಲ್ಲ, ಅದು. ಆ ತುಂಡು ಮಾಡಲು ಮೊದಲ ಸ್ಟೂಲಿಗಿಂತ ಹೆಚ್ಚು ದಿನ ಹಿಡಿಯಿತು. ಮಾದರಿ ಎಷ್ಟೇ ಚೆಂದವಿರಲಿ, ಹತ್ತನೆಯದನ್ನು ಮಾಡಿ ನೋಡುವವರೆಗೆ ನಾನು ಯಾವುದನ್ನೂ ಪಟ್ಟಿಗೆ ಸೇರಿಸುವುದಿಲ್ಲ.

ಯಾವ ಕೆಲಸವನ್ನು ಕೈಗೆ ಬಿಡಬೇಕು ಎಂಬುದನ್ನೂ ಮೊದಲೇ ನಿರ್ಧರಿಸಿ. ಡೆನ್ಮಾರ್ಕಿನ ವಿನ್ಯಾಸಕ ಹನ್ಸ್ ವೆಗ್ನರ್ 1949ರಲ್ಲಿ ವಿನ್ಯಾಸ ಮಾಡಿದ ವಿಶ್‌ಬೋನ್ ಕುರ್ಚಿ 1950ರಿಂದ ಬಿಡುವಿಲ್ಲದೆ ತಯಾರಾಗುತ್ತಿದೆ. ಮರದ ಭಾಗಗಳಿಗೆ ಯಂತ್ರವಿದೆ. ಆಸನದ ಸುಮಾರು 120 ಮೀಟರ್ ಕಾಗದದ ಹುರಿಯನ್ನು ಮಾತ್ರ ಇಂದಿಗೂ ಕೈಯಿಂದ ಹೆಣೆಯುತ್ತಾರೆ. ಯಂತ್ರ ಸೇರಿತೆಂದು ಅದು ಕೈಗೆಲಸವಲ್ಲ ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಎಲ್ಲವನ್ನೂ ಉಳಿಯಿಂದಲೇ ಕೆತ್ತುತ್ತೇವೆ ಎಂಬ ಹಟದಲ್ಲಿ ಒಳ್ಳೆಯ ಬಡಗಿಯ ಭುಜ ಹಾಳಾಗುವುದನ್ನು ಕಂಡಿದ್ದೇನೆ.

ಮೇಳದಲ್ಲಿ ಖರೀದಿದಾರರು ಮೊದಲು ಕೇಳುವುದು "ತಿಂಗಳಿಗೆ ಎಷ್ಟು ಕೊಡುತ್ತೀರಿ?" ಎಂದು. ಒಮ್ಮೆ ಹುರುಪಿನಲ್ಲಿ ನಲವತ್ತು ಎಂದುಬಿಟ್ಟೆ. ಮರದ ಲೆಕ್ಕ ಸರಿಯಾಗಿತ್ತು. ಆದರೆ ಆಸನಕ್ಕೆ ಬೆತ್ತ ಹೆಣೆಯುವವರು ಒಬ್ಬರೇ ಇದ್ದರು, ಅವರು ದಿನಕ್ಕೆ ಒಂದನ್ನು ಮುಗಿಸುತ್ತಿದ್ದರು, ರಜೆ ಕಳೆದರೆ ಇಪ್ಪತ್ತೈದು. ಆ ತಿಂಗಳ ಕೊನೆಯಲ್ಲಿ ಹದಿನೈದು ಸ್ಟೂಲುಗಳು ಬರೀ ಚೌಕಟ್ಟಾಗಿ ಗೋಡೆಗೆ ಒರಗಿ ನಿಂತಿದ್ದವು. ನಿಮ್ಮ ಮೂವರಲ್ಲಿ ಅತಿ ನಿಧಾನದ ಕೆಲಸ ಯಾರದೋ, ಅವರನ್ನು ಕೇಳಿಕೊಂಡು ಸಂಖ್ಯೆ ಹೇಳಿ.

ಹೋಗುವಾಗ ಅಳತೆಪಟ್ಟಿ, ಸಣ್ಣ ಟಾರ್ಚು, ಗೆರೆಯಿಲ್ಲದ ಪುಸ್ತಕ, ಸವೆದ ಬೂಟು ಸಾಕು. ಮತ್ತೊಂದು ಮಾತು: ಮಗುಚುವ ಮುನ್ನ ಅನುಮತಿ ಕೇಳಿ. ನಾನು ಒಮ್ಮೆ ಕೇಳದೆ ಒಂದು ಕುರ್ಚಿಯನ್ನು ಎತ್ತಿದೆ, ಹಿಂದಿನ ಕಾಲೊಂದು ನನ್ನ ಕೈಯಲ್ಲೇ ಉಳಿಯಿತು. ಮಳಿಗೆಯವರು ಗದರಲಿಲ್ಲ. ಕಾಲನ್ನು ನನ್ನಿಂದ ಇಸಿದುಕೊಂಡು, ಮೆಲ್ಲಗೆ ತೂತಿಗೆ ಕೂರಿಸಿ, "ನಾಳೆ ಬನ್ನಿ, ಅಂಟು ಒಣಗಿರುತ್ತದೆ" ಎಂದರು.