ಡೇಟಾಬೇಸ್ ಪ್ರಶ್ನೋತ್ತರ: ಯಾರೂ ಮುಟ್ಟದ ಸರ್ವರ್‌ಗೆ ಬಿಲ್ ಏರಿದ್ದು ಹೇಗೆ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆಜಾನ್ ಆರ್‌ಡಿಎಸ್ ಬಗ್ಗೆಯೇ ಇವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೊಸಬರಿಗೆ ಒಂದು ಮಾತು: ಡೇಟಾಬೇಸ್‌ಗೆಂದು ನಾವೇ ಕಂಪ್ಯೂಟರ್ ಕೊಂಡು, ನಾವೇ ಇನ್‌ಸ್ಟಾಲ್ ಮಾಡಿ, ನಾವೇ ಕಾಯುವ ಬದಲು ಬಾಡಿಗೆಗೆ ಪಡೆಯುವ ಸೇವೆ ಇದು. 2009ರಲ್ಲಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಿಂದ ಶುರುವಾಯಿತು. 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದಿಗೆ ಅಮೆಜಾನ್‌ನ ಡೇಟಾ ಕೇಂದ್ರಗಳು ಬಂದವು. ಹಾಗಿದ್ದೂ ಹಳೆಯ ಸೈಟ್‌ಗಳ ಡೇಟಾ ಈಗಲೂ ಅಮೆರಿಕದಲ್ಲೇ ಉಳಿದಿರುವುದನ್ನು ನಾನು ಆಗಾಗ ನೋಡುತ್ತೇನೆ. ಮೊದಲ ಪತ್ರವೂ ಅಂಥದ್ದೇ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಕೋಚಿಂಗ್ ಸೆಂಟರ್. ಟೆಸ್ಟ್ ಫಲಿತಾಂಶ ತೋರಿಸುವ ವೆಬ್‌ಸೈಟನ್ನು ಒಬ್ಬ ಹುಡುಗ 2019ರಲ್ಲಿ ಮಾಡಿಕೊಟ್ಟಿದ್ದ. ಡೇಟಾಬೇಸ್ ಇರುವುದು ವರ್ಜೀನಿಯಾದಲ್ಲಿ, ಮೈಎಸ್‌ಕ್ಯೂಎಲ್ 5.7, ಸರ್ವರ್‌ನ ಅಳತೆ ಟಿ3 ಮೈಕ್ರೊ. ತಿಂಗಳಿಗೆ 15 ಡಾಲರ್ ಆಸುಪಾಸು ಬರುತ್ತಿತ್ತು. 2024ರ ಮಾರ್ಚ್‌ನಿಂದ 160 ದಾಟಿತು. ನಾವು ಏನನ್ನೂ ಮುಟ್ಟಿಲ್ಲ. ಹುಡುಗನೂ ಈಗ ಸಿಗುತ್ತಿಲ್ಲ. ಏನಾಗಿದೆ?

ಉತ್ತರ: ಏನನ್ನೂ ಮುಟ್ಟಲಿಲ್ಲವಲ್ಲ, ಅದೇ ಕಾರಣ. ಮೈಎಸ್‌ಕ್ಯೂಎಲ್ 5.7ಕ್ಕೆ ಅದನ್ನು ರೂಪಿಸುವವರು 2023ರ ಅಕ್ಟೋಬರ್‌ನಲ್ಲೇ ಹೊಸ ಪ್ಯಾಚ್ (ದೋಷ ಸರಿಪಡಿಸುವ ತಿದ್ದುಪಡಿ) ಕೊಡುವುದನ್ನು ನಿಲ್ಲಿಸಿದರು. ಆರ್‌ಡಿಎಸ್ 2024ರ ಫೆಬ್ರವರಿ 29ರ ತನಕ ಎಂದಿನ ದರದಲ್ಲೇ ನಡೆಸಿತು. ಮಾರ್ಚ್ 1ರಿಂದ ಹಳೆಯ ಆವೃತ್ತಿಯಲ್ಲೇ ಉಳಿದವರಿಗೆ 'ಎಕ್ಸ್‌ಟೆಂಡೆಡ್ ಸಪೋರ್ಟ್' ಎಂಬ ಬೇರೆ ಸಾಲು ಬಿಲ್‌ಗೆ ಸೇರಿತು. ನಿಮ್ಮ ಬಿಲ್ ಬಿಡಿಸಿ ನೋಡಿ, ಅದೇ ಹೆಸರಲ್ಲಿ ಇರುತ್ತದೆ.

ಲೆಕ್ಕ ಹೀಗೆ. ವರ್ಜೀನಿಯಾದಲ್ಲಿ ಮೊದಲ ಎರಡು ವರ್ಷ ಒಂದು ವಿಸಿಪಿಯುಗೆ, ಅಂದರೆ ಬಾಡಿಗೆಗೆ ಸಿಗುವ ಪ್ರೊಸೆಸರ್‌ನ ಒಂದು ಪಾಲಿಗೆ, ಗಂಟೆಗೆ 10 ಸೆಂಟ್. ಟಿ3 ಮೈಕ್ರೊ ಹೆಸರಿಗೆ ಪುಟ್ಟದು, ಆದರೆ ಅದರಲ್ಲೂ ವಿಸಿಪಿಯು ಎರಡಿವೆ. ತಿಂಗಳಿಗೆ 730 ಗಂಟೆ ಅಂದರೆ 146 ಡಾಲರ್. ಸರ್ವರ್‌ನ ಬಾಡಿಗೆಯೇ ತಿಂಗಳಿಗೆ 12 ಡಾಲರ್ ಚಿಲ್ಲರೆ! ಸಣ್ಣವರಿಗೆ ಇದು ನಿಜಕ್ಕೂ ಅನ್ಯಾಯದ ಲೆಕ್ಕ ಅಂತ ನನಗೆ ಅನ್ನಿಸುತ್ತದೆ. ಹಳೆ ಆವೃತ್ತಿಗೆ ಭದ್ರತಾ ಪ್ಯಾಚ್ ಹಾಕಲು ಖರ್ಚಿದೆ, ಒಪ್ಪುತ್ತೇನೆ. ಆದರೆ 15 ಡಾಲರ್ ಕಟ್ಟುವವನ ಬಿಲ್ ಹತ್ತು ಪಟ್ಟು ದಾಟಿದರೆ ಅವನು ಏನು ಮಾಡಬೇಕು? ಮೂರನೆಯ ವರ್ಷಕ್ಕೆ ದರ ಮತ್ತೆ ಎರಡರಷ್ಟು, 5.7ಕ್ಕೆ ಅದು 2026ರ ಮಾರ್ಚ್ 1ರಿಂದ. ಆದ್ದರಿಂದ ತಡ ಮಾಡಬೇಡಿ.

ದಾರಿ ಒಂದೇ, ಮೇಲಿನ ಆವೃತ್ತಿಗೆ ಹೋಗುವುದು. 5.7ರಿಂದ ಮೊದಲು 8.0, ಅಲ್ಲಿಂದ 8.4. 8.0ದಲ್ಲೇ ಕೂತುಬಿಡಬೇಡಿ. ಅದಕ್ಕೂ 2026ರ ಜುಲೈ 31 ಎಂದು ಕೊನೆಯ ದಿನ ಗೊತ್ತುಮಾಡಿದ್ದಾರೆ. ಇಲ್ಲವಾದರೆ ಇದೇ ಪತ್ರವನ್ನು ಮತ್ತೆ ಬರೆಯುತ್ತೀರಿ.

ಇದಕ್ಕೆ 2022ರ ಕೊನೆಯಲ್ಲಿ ಬಂದ ಬ್ಲೂ/ಗ್ರೀನ್ ಸೌಲಭ್ಯ ಬಳಸಿ. ಆರ್‌ಡಿಎಸ್‌ಗೆ ಇತ್ತೀಚೆಗೆ ಬಂದದ್ದರಲ್ಲಿ ನನಗೆ ಅತಿ ಮೆಚ್ಚುಗೆಯಾದದ್ದು ಇದು. ಈಗ ಓಡುತ್ತಿರುವುದು 'ಬ್ಲೂ'. ಅದರ ಪಕ್ಕದಲ್ಲೇ ಅದರ ಪ್ರತಿ 'ಗ್ರೀನ್' ಎದ್ದು ನಿಲ್ಲುತ್ತದೆ. ಬ್ಲೂಗೆ ಬಂದ ಪ್ರತಿ ಬದಲಾವಣೆಯೂ ಗ್ರೀನ್‌ಗೆ ಹರಿಯುತ್ತಿರುತ್ತದೆ. ಗ್ರೀನ್ ಅನ್ನು ಮಾತ್ರ ಹೊಸ ಆವೃತ್ತಿಗೆ ಏರಿಸಿ, ಎರಡು ದಿನ ನಿಧಾನವಾಗಿ ಪರೀಕ್ಷಿಸಿ. ಸರಿ ಅನಿಸಿದಾಗ ಅದಲು ಬದಲು ಮಾಡಿ. ಅದು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಡೇಟಾಬೇಸ್‌ನ ವಿಳಾಸ ಬದಲಾಗುವುದಿಲ್ಲ, ವೆಬ್‌ಸೈಟ್‌ನಲ್ಲಿ ಅದನ್ನು ತಿದ್ದುವ ಕೆಲಸವಿಲ್ಲ. ಹಳೆಯದು ಬೇರೆ ಹೆಸರಲ್ಲಿ ಉಳಿದಿರುತ್ತದೆ. ಎರಡೂ ಇರುವಷ್ಟು ದಿನ ಎರಡಕ್ಕೂ ಬಿಲ್, ಅದು ನೆನಪಿರಲಿ. ಮೊದಲು ಆಟೊಮೇಟೆಡ್ ಬ್ಯಾಕಪ್ ಆನ್ ಇರಬೇಕು, ಇಲ್ಲದಿದ್ದರೆ ಗ್ರೀನ್ ಮಾಡಲು ಬಿಡುವುದಿಲ್ಲ.

ಪರೀಕ್ಷೆ ಅಂದೆನಲ್ಲ, ಅದು ಸುಮ್ನೆ ಹೇಳಿದ್ದಲ್ಲ. ನಿಮ್ಮದು ಕೋಚಿಂಗ್ ಸೆಂಟರ್. ಟೇಬಲ್‌ನಲ್ಲಿ 'ರ‍್ಯಾಂಕ್' ಎಂಬ ಕಾಲಂ ಇದ್ದೇ ಇರುತ್ತದೆ, ಅಲ್ವಾ? 8.0ದಲ್ಲಿ ಆ ಪದವನ್ನು ಮೈಎಸ್‌ಕ್ಯೂಎಲ್ ತನಗೇ ಕಾಯ್ದಿಟ್ಟುಕೊಂಡಿದೆ. 'ಸೆಲೆಕ್ಟ್ ನೇಮ್, ರ‍್ಯಾಂಕ್ ಫ್ರಮ್ ರಿಸಲ್ಟ್ಸ್' ಎಂಬ ಸಾಲು 5.7ರಲ್ಲಿ ಓಡುತ್ತದೆ, 8.0ದಲ್ಲಿ ಸಿಂಟ್ಯಾಕ್ಸ್ ತಪ್ಪು ಎನ್ನುತ್ತದೆ. ಆ ಪದದ ಎರಡೂ ಬದಿಗೆ ಬ್ಯಾಕ್‌ಟಿಕ್ (`) ಚಿಹ್ನೆ ಹಾಕಿದರೆ ಸರಿಹೋಗುತ್ತದೆ. ಏರಿಸುವ ಮುಂಚೆ ಆರ್‌ಡಿಎಸ್ ಒಂದು ತಪಾಸಣೆ ಮಾಡುತ್ತದೆ ನಿಜ. ಆದರೆ ಅದು ನೋಡುವುದು ಡೇಟಾಬೇಸ್‌ನ ಒಳಗೆ. ನಿಮ್ಮ ಹುಡುಗ ಬರೆದ ವೆಬ್‌ಸೈಟ್‌ನ ಕೋಡ್ ಅದರ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ಎರರ್ ಕೊಡುವುದಿಲ್ಲ. 5.7ರಲ್ಲಿ ಸಾಲುಗಳನ್ನು ಗುಂಪು ಮಾಡಲು 'ಗ್ರೂಪ್ ಬೈ' ಬರೆದರೆ ಸಾಲುಗಳು ತಾವಾಗಿ ಅನುಕ್ರಮದಲ್ಲಿ ಬರುತ್ತಿದ್ದವು. 8.0ದಲ್ಲಿ ಆ ಭರವಸೆ ಇಲ್ಲ. 'ಆರ್ಡರ್ ಬೈ' ನೀವೇ ಬರೆಯಬೇಕು. ಬರೆಯದಿದ್ದರೆ ಬ್ಯಾಚ್‌ವಾರು ಪಟ್ಟಿ ಹಿಂದೆ ಮುಂದಾಗಿ ನಿಲ್ಲುತ್ತದೆ, ಮೊದಲು ಗಮನಿಸುವವರು ಮಕ್ಕಳ ಅಪ್ಪ ಅಮ್ಮಂದಿರು.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಪರೀಕ್ಷೆ ಇದ್ದುದರಿಂದ ಪ್ರಾಜೆಕ್ಟ್‌ನ ಡೇಟಾಬೇಸನ್ನು 'ಸ್ಟಾಪ್' ಮಾಡಿದ್ದೆ. ಒಂದೂವರೆ ತಿಂಗಳ ನಂತರ ನೋಡಿದರೆ ಅದು ಓಡುತ್ತಿದೆ, ಬಿಲ್ ಬಂದಿದೆ. ಯಾರಾದರೂ ಹ್ಯಾಕ್ ಮಾಡಿದರಾ?

ಉತ್ತರ: ಹ್ಯಾಕ್ ಅಲ್ಲ, ಗಾಬರಿ ಬೇಡ. ಆರ್‌ಡಿಎಸ್‌ನಲ್ಲಿ ಸ್ಟಾಪ್‌ಗೆ ಏಳೇ ದಿನ ಆಯಸ್ಸು. ಎಂಟನೆಯ ದಿನ ತಾನಾಗಿ ಏಳುತ್ತದೆ. ನಿಲ್ಲಿಸಿದಾಗಲೂ ಸ್ಟೋರೇಜ್ ದುಡ್ಡು ಓಡುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಬೇಡ ಅಂದರೆ ಸ್ನ್ಯಾಪ್‌ಶಾಟ್ (ಆ ಕ್ಷಣದ ಪೂರ್ತಿ ಪ್ರತಿ) ತೆಗೆದು ಡೇಟಾಬೇಸ್ ಅಳಿಸಿ. ಬೇಕಾದಾಗ ಅದರಿಂದಲೇ ಎಬ್ಬಿಸಬಹುದು.

ಇನ್ನೊಂದು ದಾರಿಯೂ ಇದೆ. ಬಳಕೆಗೆ ತಕ್ಕಂತೆ ಹಿಗ್ಗಿ ಕುಗ್ಗುವ ಅಮೆಜಾನ್‌ನ ಡೇಟಾಬೇಸ್ ಅರೋರಾ ಸರ್ವರ್‌ಲೆಸ್ ವಿ2 ಈಗ ಬಳಕೆ ಇಲ್ಲದಾಗ ಸೊನ್ನೆಗೆ ಇಳಿದು ಮಲಗುತ್ತದೆ. 2024ರ ನವೆಂಬರ್‌ನಲ್ಲಿ ಬಂದ ಸೌಲಭ್ಯ ಇದು. ಮಲಗಿದ್ದನ್ನು ಎಬ್ಬಿಸಲು ಸುಮಾರು 15 ಸೆಕೆಂಡ್ ಬೇಕು, ಕಾಲೇಜು ಪ್ರಾಜೆಕ್ಟ್‌ಗೆ ಅದೇನೂ ತೊಂದರೆಯಿಲ್ಲ. ಆದರೆ ನಿಮ್ಮ ಕೋಡ್ ಒಂದೇ ಒಂದು ಕನೆಕ್ಷನ್ ಹಿಡಿದುಕೊಂಡು ಕೂತಿದ್ದರೂ ಅದು ಮಲಗುವುದಿಲ್ಲ. ಕನೆಕ್ಷನ್ ಪೂಲ್ (ಕನೆಕ್ಷನ್‌ಗಳನ್ನು ಮುಚ್ಚದೆ ತೆರೆದಿಟ್ಟುಕೊಳ್ಳುವ ಏರ್ಪಾಟು) ಇದ್ದರೆ ಮೊದಲು ಅದನ್ನು ನೋಡಿ.

ಪ್ರಶ್ನೆ: ಶಿರಸಿ ಬಳಿ ಶಿಕ್ಷಕಿ ನಾನು. ಶಾಲೆಯ ಹಳೆ ವಿದ್ಯಾರ್ಥಿಗಳ ಪಟ್ಟಿಯನ್ನು ಕನ್ನಡದಲ್ಲೇ ಮಾಡಿದ್ದೆವು. ಮನೆಯ ಕಂಪ್ಯೂಟರ್‌ನಿಂದ ಆರ್‌ಡಿಎಸ್‌ಗೆ ಸಾಗಿಸಿದ ಮೇಲೆ ಎಲ್ಲರ ಹೆಸರೂ ಬರೀ ಪ್ರಶ್ನೆ ಚಿಹ್ನೆ. ಹೆಸರುಗಳು ಹೋದವಾ?

ಉತ್ತರ: ಈ ಪತ್ರ ಓದಿ ನನಗೆ ಕಸಿವಿಸಿಯಾಯಿತು. ಹೋಗಿರಬಹುದು, ಹೋಗದೆಯೂ ಇರಬಹುದು. ಮೊದಲು ಅದನ್ನು ಪತ್ತೆ ಮಾಡೋಣ. ಅದು ಗೊತ್ತಾಗುವ ತನಕ ಮನೆಯ ಕಂಪ್ಯೂಟರ್‌ನಲ್ಲಿರುವ ಮೂಲವನ್ನು ಯಾರೂ ಅಳಿಸಬಾರದು.

ಒಂದು ಹೆಸರು ತೆಗೆದುಕೊಳ್ಳಿ, 'ಲಕ್ಷ್ಮಿ'. ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರ್‌ಗೆ ಏಳು: ಲ, ಕ, ಅರ್ಧಾಕ್ಷರದ ಚಿಹ್ನೆ, ಷ, ಮತ್ತೆ ಅದೇ ಚಿಹ್ನೆ, ಮ, ಗುಡಿಸು. ಒಂದೊಂದಕ್ಕೂ ಮೂರು ಬೈಟ್, ಒಟ್ಟು 21. ನಿಮ್ಮ ಪಟ್ಟಿಯಲ್ಲಿ ಲಕ್ಷ್ಮಿ ಇರುವ ಕಡೆ ಏಳು ಪ್ರಶ್ನೆ ಚಿಹ್ನೆ ಇದ್ದರೆ, ದಾರಿಯಲ್ಲಿ ಎಲ್ಲೋ ಲ್ಯಾಟಿನ್1 ಎಂಬ ಹಳೆಯ ಅಕ್ಷರಪಟ್ಟಿ ಸಿಕ್ಕಿದೆ. ಅದರಲ್ಲಿ ಕನ್ನಡ ಇಲ್ಲ. ತನಗೆ ಗೊತ್ತಿಲ್ಲದ ಪ್ರತಿಯೊಂದನ್ನೂ ಅದು ಪ್ರಶ್ನೆ ಚಿಹ್ನೆ ಮಾಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ 5.7ರ ತನಕ ಅದೇ ಡೀಫಾಲ್ಟ್ ಆಗಿತ್ತು.

ಈಗ ಆ ಹೆಸರಿನ ಕಾಲಂ ಮೇಲೆ, ಒಳಗಿರುವ ಬೈಟ್‌ಗಳನ್ನು ತೋರಿಸುವ 'ಹೆಕ್ಸ್' ಫಂಕ್ಷನ್ ಓಡಿಸಿ. ಸಾಲು ಪೂರ್ತಿ 3ಎಫ್, 3ಎಫ್, 3ಎಫ್ ಎಂದು ಬಂದರೆ ಪ್ರಶ್ನೆ ಚಿಹ್ನೆಗಳೇ ಒಳಗೆ ಕೂತಿವೆ, ಆ ಪ್ರತಿಯಿಂದ ಹೆಸರು ವಾಪಸ್ ಬರುವುದಿಲ್ಲ. ಇ0, ಬಿ2, ಬಿ2 ಎಂದು ಶುರುವಾದರೆ ಅದು 'ಲ'. ಹೆಸರು ಕ್ಷೇಮವಾಗಿದೆ. ತೋರಿಸುವ ಕನೆಕ್ಷನ್‌ನ ಅಕ್ಷರಪಟ್ಟಿ ಮಾತ್ರ ತಪ್ಪಿದೆ.

ಮೊದಲನೆಯದಾದರೆ ಮೂಲದಿಂದ ಮತ್ತೆ ಸಾಗಿಸಿ. ಡಂಪ್ (ಡೇಟಾ ಪೂರ್ತಿಯ ಫೈಲ್) ತೆಗೆಯುವಾಗ, ಟೇಬಲ್ ಮಾಡುವಾಗ, ತುಂಬುವಾಗ, ವೆಬ್‌ಸೈಟ್ ಕನೆಕ್ಟ್ ಆಗುವಾಗ, ನಾಲ್ಕೂ ಕಡೆ ಅಕ್ಷರಪಟ್ಟಿ 'ಯುಟಿಎಫ್8ಎಂಬಿ4' ಎಂದೇ ಕೊಡಿ. ಬರೀ 'ಯುಟಿಎಫ್8' ಕೊಟ್ಟರೂ ಕನ್ನಡ ಕೂರುತ್ತದೆ, ಆದರೆ ಯಾರಾದರೂ ಹಳೆ ವಿದ್ಯಾರ್ಥಿ ಎಮೋಜಿ ಹಾಕಿದ ದಿನ ಕೈಕೊಡುತ್ತದೆ, ಅದಕ್ಕೆ ನಾಲ್ಕು ಬೈಟ್ ಬೇಕು. ಹಾಗೇ ಹೆಸರಿನ ಕಾಲಂ ಉದ್ದ ನೋಡಿ. 20 ಅಂತ ಇಟ್ಟಿದ್ದರೆ 'ಲಕ್ಷ್ಮೀನಾರಾಯಣಸ್ವಾಮಿ' ಒಂದೇ 19 ತಿನ್ನುತ್ತದೆ. ಮುಂದೆ ಒಂದು ಇನಿಶಿಯಲ್ ಬಂದರೆ ಬಾಲ ಕತ್ತರಿಸಿಹೋಗಬಹುದು. ನೂರು ಇಡಿ. ಮಕ್ಕಳ ಹೆಸರು ಅರ್ಧ ಆಗಬಾರದು.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಲಾರಿ ಟ್ರ್ಯಾಕಿಂಗ್ ವ್ಯವಹಾರ. ಲಾಗ್ ಟೇಬಲ್ ಉಬ್ಬಿ ಸ್ಟೋರೇಜ್ ತಾನಾಗಿ 600 ಜಿಬಿಗೆ ಬೆಳೆದಿದೆ. ಹಳೆಯ ಲಾಗ್ ಎಲ್ಲ ಅಳಿಸಿದೆವು, 90 ಜಿಬಿ ಸಾಕು. ಆದರೂ 600ಕ್ಕೇ ಬಿಲ್. ಇಳಿಸೋದು ಹೆಂಗೆ?

ಉತ್ತರ: ಆಟೊ ಸ್ಕೇಲಿಂಗ್ ಮೇಲಕ್ಕೆ ಮಾತ್ರ, ಕೆಳಕ್ಕೆ ಇಲ್ಲ. ಮುಂಚೆ ಹೊಸದೊಂದು ಡೇಟಾಬೇಸ್ ಮಾಡಿ, ರಾತ್ರಿಯೆಲ್ಲ ಡಂಪ್ ಹಾಕಿ ಸಾಗಿಸಬೇಕಿತ್ತು. 2024ರ ನವೆಂಬರ್‌ನಿಂದ ಬ್ಲೂ/ಗ್ರೀನ್‌ನಲ್ಲೇ ಗ್ರೀನ್ ಅನ್ನು ಕಡಿಮೆ ಸ್ಟೋರೇಜ್‌ನಲ್ಲಿ ಮಾಡಲು ಬಿಟ್ಟಿದ್ದಾರೆ. ಮೇಲೆ ದಾವಣಗೆರೆಯವರಿಗೆ ಹೇಳಿದ ದಾರಿಯೇ. ಒಂದು ಎಚ್ಚರ: ಸಾಲು ಅಳಿಸಿದ ಮಾತ್ರಕ್ಕೆ ಫೈಲ್ ಚಿಕ್ಕದಾಗುವುದಿಲ್ಲ. ಮೊದಲು ಆ ಟೇಬಲ್ ಮೇಲೆ 'ಆಪ್ಟಿಮೈಸ್ ಟೇಬಲ್' ಓಡಿಸಿ, ನಿಜಕ್ಕೂ ಎಷ್ಟು ಜಾಗ ಹಿಡಿದಿದೆ ನೋಡಿ, ಆಮೇಲೆ ಅಳತೆ ಕೊಡಿ. 90ಕ್ಕೆ 90 ಇಡಬೇಡಿ, ಉಸಿರಾಡಲು ಜಾಗ ಇರಲಿ. ಆಟೊ ಸ್ಕೇಲಿಂಗ್‌ಗೆ ಮೇಲಿನ ಮಿತಿಯನ್ನೂ ಈಗಲೇ ಹಾಕಿಬಿಡಿ.

ಪ್ರಶ್ನೆ: ಹತ್ತು ಸಾವಿರ ದಾಖಲೆಗಳಲ್ಲಿ ಎಐ ಹುಡುಕಾಟ ಬೇಕು. ಈಗಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಿಟ್ಟು, ಅರ್ಥದ ಹೋಲಿಕೆಯಿಂದ ಹುಡುಕುವ ಬೇರೆ ವೆಕ್ಟರ್ ಡೇಟಾಬೇಸ್ ಕೊಳ್ಳಬೇಕಾ? (ಬೆಂಗಳೂರಿನ ಡೆವಲಪರ್)

ಉತ್ತರ: ಬೇಡ. ಅದೇ ಕೆಲಸ ಮಾಡುವ ಪಿಜಿವೆಕ್ಟರ್ ಎಂಬ ಜೋಡಣೆ 2023ರಿಂದ ಆರ್‌ಡಿಎಸ್ ಪೋಸ್ಟ್‌ಗ್ರೆಸ್‌ನಲ್ಲೇ ಇದೆ. ಹತ್ತು ಸಾವಿರ ಅದಕ್ಕೆ ಲೆಕ್ಕವೇ ಅಲ್ಲ.

ಪ್ರಶ್ನೆ: ತುಮಕೂರಿನಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುತ್ತೇವೆ. ಆರ್‌ಡಿಎಸ್‌ನಲ್ಲಿ ಬ್ಯಾಕಪ್ ತಾನಾಗಿ ಆಗುತ್ತದೆ. ಇನ್ನು ನಾವು ಆ ಚಿಂತೆ ಬಿಡಬಹುದಲ್ಲವೇ?

ಉತ್ತರ: ನನ್ನದೊಂದು ಅನುಭವ ಹೇಳುತ್ತೇನೆ. 2011ರಲ್ಲಿ ನಾನಿದ್ದ ಸಣ್ಣ ಕಂಪನಿ ಒಂದು ಹಾಲು ಸಂಘದ ಲೆಕ್ಕ ನೋಡಿಕೊಳ್ಳುತ್ತಿತ್ತು. ಸರ್ವರ್‌ನ ಡಿಸ್ಕ್ ಕೆಟ್ಟಿತು. ಬ್ಯಾಕಪ್ ಇದೆಯಲ್ಲ ಎಂದು ಫೋಲ್ಡರ್ ತೆರೆದೆ. ಫೈಲ್‌ಗಳು ಇದ್ದವು, ದಿನಕ್ಕೊಂದರಂತೆ, ತಾರೀಖು ಸಮೇತ. ಪಕ್ಕದ ಕಾಲಂನಲ್ಲಿ ಗಾತ್ರ ಸೊನ್ನೆ. ಮತ್ತೆ ಸೊನ್ನೆ. ನಾಲ್ಕು ತಿಂಗಳ ಹಿಂದೆಯೇ ಬ್ಯಾಕಪ್ ಡಿಸ್ಕ್ ತುಂಬಿತ್ತು. ಸ್ಕ್ರಿಪ್ಟ್ ಮಾತ್ರ ಪ್ರತಿ ರಾತ್ರಿ ಖಾಲಿ ಫೈಲ್ ಬರೆಯುತ್ತಾ ಹೋಗಿತ್ತು. ಕಂಪನಿಯ ನಾವಿಬ್ಬರು ಸಂಘದ ಕಟ್ಟೆಯ ಮೇಲೆ ಕೂತು ರೈತರ ಪಾಸ್‌ಬುಕ್ ನೋಡಿ ಬೆಳಗಿನ ಹಾಲು, ಸಂಜೆಯ ಹಾಲು, ಫ್ಯಾಟ್ ಎಲ್ಲ ಮತ್ತೆ ಟೈಪ್ ಮಾಡಿದೆವು. ಹನ್ನೊಂದು ದಿನ. ಒಬ್ಬ ಅಜ್ಜಿಯ ಪುಸ್ತಕ ಮಳೆಯಲ್ಲಿ ನೆಂದು ಅಂಕಿಗಳು ಕಲಸಿದ್ದವು. ಆಕೆ ಬೆರಳು ಮಡಚಿ ಮಡಚಿ ನೆನಪಿನಿಂದ ಹೇಳಿದಳು, ನಾನು ಬರೆದುಕೊಂಡೆ.

ಆರ್‌ಡಿಎಸ್‌ನಲ್ಲಿ ಖಾಲಿ ಫೈಲ್‌ನ ಭಯವಿಲ್ಲ, ಅದು ನಿಜವಾದ ನೆಮ್ಮದಿ. 35 ದಿನದ ತನಕ ಇಟ್ಟುಕೊಳ್ಳಬಹುದು. ಆ ದಿನಗಳೊಳಗೆ, ಸಾಮಾನ್ಯವಾಗಿ ಐದು ನಿಮಿಷ ಹಿಂದಿನ ತನಕ, ಯಾವ ಕ್ಷಣಕ್ಕೆ ಬೇಕಾದರೂ ಮರಳಬಹುದು. ಆದರೆ ಮೂರು ವಿಷಯ ನಿಮ್ಮ ಕೈಯಲ್ಲೇ ಇವೆ. ಎಷ್ಟು ದಿನ ಎಂಬುದನ್ನು ನೀವು ಇಟ್ಟಷ್ಟೇ. ಸೊನ್ನೆ ಇಟ್ಟರೆ ಬ್ಯಾಕಪ್ಪೇ ಇಲ್ಲ. ಡೇಟಾಬೇಸನ್ನೇ ಅಳಿಸುವಾಗ 'ಬ್ಯಾಕಪ್ ಉಳಿಸು' ಎಂಬ ಟಿಕ್ ತೆಗೆದರೆ ಆಟೊಮೇಟೆಡ್ ಬ್ಯಾಕಪ್‌ಗಳೂ ಜೊತೆಗೇ ಹೋಗುತ್ತವೆ, ಹಾಗಾಗಿ 'ಡಿಲೀಷನ್ ಪ್ರೊಟೆಕ್ಷನ್' ಇವತ್ತೇ ಆನ್ ಮಾಡಿ. ಇನ್ನು ರಿಸ್ಟೋರ್ ಮಾಡಿದಾಗ ಹಳೆಯದರ ಮೇಲೆ ಬರೆಯುವುದಿಲ್ಲ. ಹೊಸ ಇನ್‌ಸ್ಟೆನ್ಸ್, ಅಂದರೆ ಇನ್ನೊಂದು ಡೇಟಾಬೇಸ್ ಸರ್ವರ್, ಹೊಸ ವಿಳಾಸದಲ್ಲಿ ಏಳುತ್ತದೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಆ ವಿಳಾಸ ಬದಲಿಸುವುದು ಯಾರಿಗೆ ಗೊತ್ತು? ಅವರು ಊರಲ್ಲಿ ಇಲ್ಲದಿದ್ದರೆ? ಎದ್ದ ಮೇಲೂ ಡೇಟಾ ಹಿಂದಿನಿಂದ ನಿಧಾನ ತುಂಬಿಕೊಳ್ಳುತ್ತಿರುತ್ತದೆ, ಮೊದಲ ಕ್ವೆರಿಗಳು ತೆವಳುತ್ತವೆ.

ಅದಕ್ಕೇ ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ರಿಸ್ಟೋರ್ ಮಾಡಿ ನೋಡಿ. ಗಡಿಯಾರ ನೋಡಿಕೊಂಡು ಶುರು ಮಾಡಿ. ಒಂದು ಅಂಗಡಿಯ ನಿನ್ನೆಯ ಕೊನೆಯ ಬಿಲ್ ನಂಬರ್ ಫೋನ್ ಮಾಡಿ ಕೇಳಿ, ಹೊಸದರಲ್ಲಿ ಅದು ಇದೆಯಾ ಹುಡುಕಿ. ಸಿಕ್ಕಿದರೆ ಎಷ್ಟು ನಿಮಿಷ ಹಿಡಿಯಿತು ಎಂದು ಬರೆದು ಗೋಡೆಗೆ ಅಂಟಿಸಿ. ಮುಗಿದ ಮೇಲೆ ಆ ಹೊಸ ಇನ್‌ಸ್ಟೆನ್ಸ್ ಅಳಿಸಿ, ಇಲ್ಲದಿದ್ದರೆ ಅದಕ್ಕೂ ಬಿಲ್. ಅಳಿಸುವ ಗುಂಡಿ ಒತ್ತುವ ಮುಂಚೆ ಹೆಸರನ್ನು ಎರಡು ಸಲ ಓದಿ.