ಮಂಡಿ ಆಪರೇಷನ್ ಆದ ನಾಯಿ ಕುಂಟುತ್ತಿಲ್ಲ, ಇನ್ನೂ ಕೂಡಿಹಾಕಬೇಕಾ?

ನಾಲ್ಕನೇ ವಾರ, ಕುಂಟೋದು ನಿಂತಿದೆ, ಗೂಡಲ್ಲಿ ಹಾಕಿದರೆ ಅಳುತ್ತೆ, ಪಾಪ ಅನ್ನಿಸುತ್ತೆ, ಮನೆಯೊಳಗಾದರೂ ಬಿಡಬಹುದಾ ಅಂತ ಕೇಳಿದ್ದೀರಿ. ಬಿಡಬೇಡಿ. ನಾನು ಬಿಟ್ಟು ಅನುಭವಿಸಿದವನು.

ನಮ್ಮ ಗುಂಡ ಲ್ಯಾಬ್ರಡಾರ್, ಹೆಸರಿಗೆ ತಕ್ಕ ಮೈ. ಮಂಡಿಯೊಳಗಿನ ಲಿಗಮೆಂಟ್ ಹರಿದು ಟಿಪಿಎಲ್‌ಒ ಅನ್ನೋ ಆಪರೇಷನ್ ಮಾಡಿಸಿದ್ವಿ. ಇದರಲ್ಲಿ ಹರಿದ ಲಿಗಮೆಂಟನ್ನು ಹೊಲಿಯೋದಿಲ್ಲ. ಮಂಡಿ ಕೆಳಗಿನ ಮೂಳೆಯ ಮೇಲ್ತುದಿಯನ್ನೇ ಕೊಯ್ದು, ಸ್ವಲ್ಪ ತಿರುಗಿಸಿ, ಪ್ಲೇಟು ಸ್ಕ್ರೂ ಹಾಕಿ ಕೂರಿಸುತ್ತಾರೆ. ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ನಾನು ಹೂಂಗುಟ್ಟಿದ್ದೆ, ಅಷ್ಟೇ.

ಹೊಲಿಗೆ ಬಿಚ್ಚೋವರೆಗೂ ಶಿಸ್ತಾಗಿದ್ದೆ. ಹೊಟ್ಟೆಯಡಿ ಟವೆಲ್ ಕೊಟ್ಟು ಹಿಂಭಾಗ ಎತ್ತಿ ಹಿಡಿದು ಒಂದಕ್ಕೆ, ಎರಡಕ್ಕೆ ಕರೆದುಕೊಂಡು ಹೋಗೋದು, ವಾಪಸ್ ಗೂಡು. ನೆಲ ಜಾರಬಾರದು ಅಂತ ಓಡಾಡೋ ದಾರಿಗೆಲ್ಲ ಮ್ಯಾಟು. ಗಾಯ ನೆಕ್ಕದಂತೆ ಕತ್ತಿಗೆ ಹಾಕಿದ ಕೋನ್ ಬಾಗಿಲಿಗೆ ಬಡಿದಾಗಲೆಲ್ಲ ನಿಂತು ನನ್ನ ಮುಖ ನೋಡೋನು, ನಾನೇ ಬಾಗಿಲು ತಂದು ಅಡ್ಡ ಇಟ್ಟವನ ಹಾಗೆ. (ಮೊದಲ ಒಂದೆರಡು ದಿನ ಎರಡಕ್ಕೆ ಹೋಗದಿದ್ದರೆ ಗಾಬರಿ ಬೇಡ, ಅರಿವಳಿಕೆ ಮತ್ತು ನೋವಿನ ಔಷಧಿಯಿಂದ ಹಾಗಾಗುತ್ತೆ.)

ಆಮೇಲೆ ಗುಂಡ ಕಾಲನ್ನು ಪೂರ್ತಿ ಊರಿ ನಡೆಯೋಕೆ ಶುರು ಮಾಡಿದ. ನಾನು ಕೆಟ್ಟಿದ್ದು ಅಲ್ಲೇ. ಸಂಜೆ ಹೊತ್ತು ಅವನನ್ನು ನಾನೇ ಎತ್ತಿ ಸೋಫಾ ಮೇಲೆ ಪಕ್ಕದಲ್ಲಿ ಮಲಗಿಸಿಕೊಳ್ಳೋಕೆ ಶುರು ಮಾಡಿದೆ. ಅವನಾಗಿ ಹಾರಿ ಹತ್ತಿಲ್ಲವಲ್ಲ, ನಾನು ಎತ್ತಿದ್ದು ತಾನೇ, ಏನೂ ಆಗಲ್ಲ ಅನ್ನೋದು ನನ್ನ ತರ್ಕ. ಇಳಿಯೋದರ ಬಗ್ಗೆ ಯೋಚಿಸಲೇ ಇಲ್ಲ. ಬೆಲ್ಟೂ ಹಾಕಿರಲಿಲ್ಲ, ಮನೆಯೊಳಗೆ ಯಾಕೆ ಅಂತ. ಒಂದು ದಿನ ಕಾಲಿಂಗ್ ಬೆಲ್ ಆಯ್ತು. ನನ್ನ ಕೈ ಅವನ ಬೆನ್ನ ಮೇಲೇ ಇತ್ತು, ಆದರೂ ಹಿಡಿಯೋಕೆ ಆಗಲಿಲ್ಲ. ನೆಲಕ್ಕೆ ಹಾರಿದ, ಕುಂಯ್ ಅಂದ, ಆ ಕಾಲನ್ನು ಮತ್ತೆ ಊರಲಿಲ್ಲ.

ಎಕ್ಸ್‌ರೇಯಲ್ಲಿ ಮೂಳೆಯ ಮುಂಭಾಗದ ಉಬ್ಬು, ತೊಡೆಯ ಸ್ನಾಯುವಿನ ಎಳೆತವೆಲ್ಲ ಬಂದು ಬೀಳೋ ಜಾಗ, ಮುರಿದಿತ್ತು. ಇನ್ನೊಂದು ಆಪರೇಷನ್, ಮತ್ತೆ ಮೊದಲನೇ ವಾರದಿಂದ ಲೆಕ್ಕ. ಎಲ್ಲರೂ ಬೆಲ್ ಒತ್ತಿದವರನ್ನು ಬೈದರು. ಕಾರಣ ಬೆಲ್ ಅಲ್ಲ, ಸೋಫಾನೂ ಅಲ್ಲ. ಕುಂಟು ನಿಂತಿತು ಅಂದರೆ ಮೂಳೆ ಕೂಡಿತು ಅಂದುಕೊಂಡೆನಲ್ಲ, ಅದು. ಪ್ಲೇಟು ಭಾರ ಹೊರುತ್ತೆ, ಮಾತ್ರೆ ನೋವು ಮುಚ್ಚುತ್ತೆ, ಹಾಗಾಗಿ ನಾಯಿ ನಡೆಯುತ್ತೆ. ಕೊಯ್ದ ಮೂಳೆ ಕೂಡೋಕೆ ಸಾಮಾನ್ಯವಾಗಿ 8ರಿಂದ 12 ವಾರ ಬೇಕು. ಕೂಡಿದೆಯೋ ಇಲ್ಲವೋ ಹೇಳೋದು ಎಕ್ಸ್‌ರೇ, ನಡಿಗೆಯಲ್ಲ. ನಿಜ ಹೇಳಬೇಕೆಂದರೆ, ಕುಂಟೋ ನಾಯಿಗಿಂತ ಕುಂಟದ ನಾಯಿಯನ್ನೇ ಹೆಚ್ಚು ಕಾಯಬೇಕು.

ಇನ್ನು "ಕೂಡಿಹಾಕೋದು ಕ್ರೌರ್ಯ" ಅನ್ನೋ ಮಾತು. ನಾನು ಒಪ್ಪಲ್ಲ. ಗುಂಡ ಅಳುತ್ತಿದ್ದದ್ದು ಗೂಡಿಗಲ್ಲ, ನಾವೆಲ್ಲ ಬೇರೆ ಕೋಣೆಯಲ್ಲಿದ್ದೆವು ಅಂತ. ಎರಡನೇ ಸಲ ಗೂಡನ್ನು ನನ್ನ ಕುರ್ಚಿ ಪಕ್ಕಕ್ಕೇ ತಂದಿಟ್ಟೆ, ಅರ್ಧ ಗಲಾಟೆ ನಿಂತಿತು. ಊಟವನ್ನು ತಟ್ಟೆಗೆ ಹಾಕದೆ ಬಟ್ಟೆ ಮಡಿಕೆಯಲ್ಲಿ ಬಚ್ಚಿಟ್ಟು ಮೂಸಿ ಹುಡುಕೋಕೆ ಬಿಡುತ್ತಿದ್ದೆ, ಅದರಲ್ಲೇ ಸುಸ್ತಾಗೋನು. ಅಷ್ಟಕ್ಕೂ ತಡೆಯದಿದ್ದರೆ ಶಾಂತವಾಗಿರೋಕೆ ಔಷಧಿ ಇದೆ, ನಿಮ್ಮ ಡಾಕ್ಟರನ್ನು ಕೇಳಿ, ಸಂಕೋಚ ಬೇಡ. ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಬೇಡಿ, ಐಬುಪ್ರೊಫೆನ್ ನಾಯಿಗೆ ವಿಷ.

ಊಟ ಸ್ವಲ್ಪ ಕಡಿಮೆ ಮಾಡಿ. ಒಂದು ಮಂಡಿ ಹೋದ ನಾಯಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಇನ್ನೊಂದೂ ಹೋಗುತ್ತೆ, ಕೂತು ಬೆಳೆಸಿದ ತೂಕ ಆ ಕಾಲಿಗೂ ಒಳ್ಳೆಯದಲ್ಲ.

ಊರುತ್ತಿದ್ದ ಕಾಲನ್ನು ಇದ್ದಕ್ಕಿದ್ದಂತೆ ಎತ್ತಿಕೊಂಡರೆ, ಅಥವಾ ಗಾಯ ಬಿಸಿಯಾಗಿ ಒಸರಿದರೆ, ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಕರೆದುಕೊಂಡು ಹೋಗಿ.