ಪೋಪರ ನೆತ್ತಿಯ ಮೇಲೆ ಸೋರೆ ಬುರುಡೆ

ಪ್ರಶ್ನೆ: 2025ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್ ತೀರಿಕೊಂಡಾಗ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಕ್ಯಾಮರ್ಲೆಂಗೊ’, ‘ಝುಕೆಟೊ’ ಎಂಬ ಪದಗಳನ್ನು ಓದಿದೆ. ನನ್ನಲ್ಲಿರುವ ಡಿಕ್ಷನರಿಯಲ್ಲಿ ಸಿಗಲಿಲ್ಲ. ಅರ್ಥವೇನು? ಇಂಥವು ಇನ್ನೂ ಇವೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಝುಕೆಟೊದಿಂದಲೇ ಶುರು ಮಾಡುತ್ತೇನೆ, ನನಗೆ ಬಹಳ ಇಷ್ಟದ ಪದ ಅದು. ಪೋಪರ ನೆತ್ತಿಗೆ ಅಂಟಿದಂತೆ ಕೂರುವ ಬಿಳಿ ಟೋಪಿಯ ಹೆಸರು. ಪೋಪರ ನಂತರದ ಹಿರಿಯ ಧರ್ಮಗುರುಗಳಾದ ಕಾರ್ಡಿನಲ್‌ಗಳದ್ದು ಕೆಂಪು, ಬಿಷಪ್ಪರದ್ದು ನೇರಳೆ. ಇಟಾಲಿಯನ್ನಿನಲ್ಲಿ ‘ಝುಕ್ಕ’ ಎಂದರೆ ಕುಂಬಳ, ಸೋರೆಯ ಜಾತಿಯ ಕಾಯಿ. ಅದರ ಪುಟ್ಟ ರೂಪ ಝುಕೆಟೊ. ಎಂಟು ತ್ರಿಕೋನದ ಬಟ್ಟೆ ತುಂಡು ಜೋಡಿಸಿ ಹೊಲಿದು, ನಡುನೆತ್ತಿಗೆ ಹುರಿಮಾಡಿದ ರೇಷ್ಮೆಯ ಚಿಕ್ಕ ತೊಟ್ಟು ಇಡುತ್ತಾರೆ. ಫೋಟೊದಲ್ಲಿ ಆ ತೊಟ್ಟು ನೋಡಿದ ಕೂಡಲೇ ನನಗೆ ಅಜ್ಜಿಮನೆಯ ಅಟ್ಟ ನೆನಪಾಯಿತು. ಒಣಗಿದ ಸೋರೆ ಬುರುಡೆಯಲ್ಲಿ ಅಜ್ಜಿ ಬಿತ್ತನೆ ಬೀಜ ಇಡುತ್ತಿದ್ದರು. ಅದರ ಮುಚ್ಚಳಕ್ಕೂ ಇಂಥದೇ ತೊಟ್ಟು. ಇಟಲಿಯವರು ಆಡುಮಾತಿನಲ್ಲಿ ತಲೆಗೂ ಝುಕ್ಕ ಅನ್ನುತ್ತಾರೆ. ನಮಗೂ ಸೋರೆಯದು ಬುರುಡೆ, ತಲೆಯದೂ ಬುರುಡೆ! ಎಲ್ಲಿಯ ರೋಮ್, ಎಲ್ಲಿಯ ನಮ್ಮ ಅಟ್ಟ, ಕಣ್ಣಿಗೆ ಕಂಡದ್ದು ಒಂದೇ.

ಕ್ಯಾಮರ್ಲೆಂಗೊ ಎಂದರೆ ಪೋಪರ ಆಸ್ತಿಪಾಸ್ತಿ, ಆದಾಯದ ಹೊಣೆ ಹೊತ್ತ ಕಾರ್ಡಿನಲ್. ನಮ್ಮ ದೇವಸ್ಥಾನಗಳ ‘ಪಾರುಪತ್ತೇಗಾರ’ ಹತ್ತಿರದ ಮಾತು. ಫ್ರಾನ್ಸಿಸ್ ಹೋದ ಸುದ್ದಿಯನ್ನು ಜಗತ್ತಿಗೆ ಹೇಳಿದವರು ಆಗಿನ ಕ್ಯಾಮರ್ಲೆಂಗೊ ಕೆವಿನ್ ಫ್ಯಾರೆಲ್. ಪೋಪರ ಮುದ್ರೆಯುಂಗುರವನ್ನು ಮತ್ತೆ ಬಳಸಲಾಗದಂತೆ ಕೆಡಿಸುವ ಪದ್ಧತಿಯೂ ಇದೆ. ಸತ್ತವರ ಮುದ್ರೆಯೊತ್ತಿ ಯಾರೂ ಸುಳ್ಳು ಪತ್ರ ಹುಟ್ಟಿಸಬಾರದಲ್ಲ.

ಇನ್ನೊಂದನ್ನು ಹೇಳದೆ ಬಿಡಲಾರೆ: ‘ಇನ್ ಪೆಕ್ಟೊರೆ’. ಎದೆಯೊಳಗೆ ಎಂದು ಅರ್ಥ. ಗುಟ್ಟನ್ನು ನಾವು ಹೊಟ್ಟೆಯಲ್ಲಿಟ್ಟುಕೊಳ್ಳುತ್ತೇವೆ, ಪೋಪರು ಎದೆಯಲ್ಲಿಟ್ಟುಕೊಳ್ಳುತ್ತಾರೆ. ಹೆಸರು ಬಹಿರಂಗವಾದರೆ ಅಪಾಯ ಎನಿಸಿದಾಗ ಒಬ್ಬರನ್ನು ಗುಟ್ಟಾಗಿ ಕಾರ್ಡಿನಲ್ ಮಾಡುವ ಅಧಿಕಾರ ಅವರಿಗುಂಟು. ಆದರೆ ತಾವಿರುವಾಗಲೇ ಆ ಹೆಸರನ್ನು ಪ್ರಕಟಿಸಬೇಕು, ಇಲ್ಲವಾದರೆ ನೇಮಕ ಬಿದ್ದುಹೋಗುತ್ತದೆ. 2003ರಲ್ಲಿ ಎರಡನೇ ಜಾನ್ ಪಾಲ್ ಹಾಗೆ ಒಬ್ಬರನ್ನು ನೇಮಿಸಿದರು. 2005ರ ಏಪ್ರಿಲ್ 2ರಂದು ತೀರಿಕೊಂಡರು, ಹೆಸರು ಹೇಳಿರಲಿಲ್ಲ. ಆ ಕಾರ್ಡಿನಲ್ ಯಾರೆಂದು ಇವತ್ತಿಗೂ ಹೊರಬಂದಿಲ್ಲ.